ದೊಡ್ಡ ಗನ್ನಿಗೆ ಸಣ್ಣ ತೋಟಾ: ಎಲ್ಮರ್ ಕೀತ್ ಬದುಕು

ಡರ್ಟಿ ಹ್ಯಾರಿ ಸಿನಿಮಾ ನೋಡಿದವರಿಗೆ ಆ ಉದ್ದನೆಯ ರಿವಾಲ್ವರ್ ಮರೆಯೋದಿಲ್ಲ. 1971ರ ಆ ಸಿನಿಮಾದಲ್ಲಿ ಕ್ಲಿಂಟ್ ಈಸ್ಟ್‌ವುಡ್ ಕೈಯಲ್ಲಿದ್ದದ್ದು ಸ್ಮಿತ್ ಆ್ಯಂಡ್ ವೆಸ್ಸನ್ ಕಂಪನಿಯ ಮಾಡೆಲ್ 29. ಅದು ಹಾರಿಸೋದು .44 ಮ್ಯಾಗ್ನಮ್. ಪ್ರಪಂಚದಲ್ಲಿ ಇದಕ್ಕಿಂತ ಶಕ್ತಿಶಾಲಿ ಹ್ಯಾಂಡ್‌ಗನ್ ಇಲ್ಲ ಅಂತ ಹೀರೋ ಅದರ ಬಗ್ಗೆ ಜಂಭ ಕೊಚ್ಚುತ್ತಾನೆ. ಎರಡು ವರ್ಷ ಆದಮೇಲೆ ಮುಂದಿನ ಭಾಗ ಮ್ಯಾಗ್ನಮ್ ಫೋರ್ಸ್ ಬಂತು. ಅದರಲ್ಲಿ ಶೂಟಿಂಗ್ ರೇಂಜ್‌ನಲ್ಲಿ ಒಂದು ಸೀನ್ ಇದೆ. ಅದೇ ಹೀರೋ, ತಾನು ಆ ಗನ್ನಿಗೆ ಹಾಕೋದು ಹಗುರವಾದ ಸ್ಪೆಷಲ್ ತೋಟಾ, ಆಗ ಗನ್ ಹಿಡಿತದಲ್ಲಿರುತ್ತೆ ಅಂತಾನೆ. ಅವನು ಹೇಳಿದ್ದು ನಿಜವಾಗಿ ಯಾವ ತೋಟಾ ಅಂತ ಗನ್ ಪ್ರಿಯರು ಇವತ್ತಿಗೂ ಜಗಳ ಆಡ್ತಾರೆ.

ಅಷ್ಟು ದೊಡ್ಡ ಗನ್ ಇಟ್ಕೊಂಡು ಸಣ್ಣ ತೋಟಾ ಯಾಕೆ? ಒಂದು ಗನ್ನಿಗೆ ಎರಡು ತರದ ತೋಟಾ ಹೇಗೆ ಹಿಡಿಸುತ್ತೆ? ಈ ಎರಡು ಪ್ರಶ್ನೆಗೂ ಉತ್ತರ ಸಿಗೋದು ಎಲ್ಮರ್ ಕೀತ್ ಅನ್ನೋ ಒಬ್ಬ ಕೌಬಾಯ್ ಬದುಕಿನಲ್ಲಿ. ಆತ ಇಂಜಿನಿಯರಿಂಗ್ ಓದಿದವನಲ್ಲ. ಆದರೆ ನಾವು ಸೆಕೆಂಡ್ ಇಯರ್‌ನಲ್ಲಿ ಓದೋ ಎಷ್ಟೋ ವಿಷಯಗಳನ್ನ ತನ್ನ ಕೈಯಲ್ಲೇ ಒಡೆದು, ಸಿಡಿಸಿ ಕಲಿತವನು.

ಮೊದಲೇ ಪದಗಳನ್ನ ಸರಿ ಮಾಡ್ಕೊಳ್ಳೋಣ. ಗುಂಡು ಅಂದ ಕೂಡಲೇ ನಗಬೇಡಿ, ಇದು ಆ ಗುಂಡಲ್ಲ! ಗನ್ನಿನಿಂದ ಹೊರಗೆ ಹಾರೋ ಲೋಹದ ತುಂಡು ಮಾತ್ರ ಗುಂಡು. ಗುಂಡು, ಅದರ ಹಿಂದಿನ ಮದ್ದು, ಇವನ್ನ ಹಿಡಿದಿಡೋ ಹಿತ್ತಾಳೆ ಕೊಳವೆ, ಕೊಳವೆಯ ತಳದಲ್ಲಿ ಕಿಡಿ ಕೊಡೋ ಪ್ರೈಮರ್, ಇಷ್ಟೂ ಸೇರಿದರೆ ತೋಟಾ.

ಸುಟ್ಟ ಕೈ

ಎಲ್ಮರ್ ಕೀತ್ ಹುಟ್ಟಿದ್ದು 1899ರ ಮಾರ್ಚ್ 8ರಂದು, ಅಮೆರಿಕದ ಮಿಸೌರಿ ರಾಜ್ಯದ ಹಾರ್ಡಿನ್ ಅನ್ನೋ ಊರಲ್ಲಿ. ಆಮೇಲೆ ಕುಟುಂಬ ಪಶ್ಚಿಮದ ಮೊಂಟಾನಾಗೆ ಹೋಯಿತು. ಆತನಿಗೆ 12 ವರ್ಷ ಇದ್ದಾಗ ಮಿಸೌಲಾದಲ್ಲಿ ಅವರು ಉಳಿದುಕೊಂಡಿದ್ದ ಬೋರ್ಡಿಂಗ್ ಹೌಸ್‌ಗೆ ಬೆಂಕಿ ಬಿತ್ತು. ಹುಡುಗ ಮೈಯೆಲ್ಲ ಸುಟ್ಟುಕೊಂಡ. ಬದುಕೋದೇ ಕಷ್ಟ ಅನ್ನೋ ಪರಿಸ್ಥಿತಿ. ಬದುಕಿದ, ಆದರೆ ಎಡಗೈ ಮುದುಡಿಕೊಂಡು ತಿರುಚಿ ಹೋಗಿತ್ತು. ಕೊನೆಗೆ ಆ ಕೈಯನ್ನ ಮನೆಯಲ್ಲೇ ಅಪ್ಪ ಅಮ್ಮನ ಹತ್ತಿರ ಮುರಿಸಿ ನೇರ ಮಾಡಿಸಿಕೊಂಡ. ಓದುವಾಗಲೇ ಮೈ ಜುಮ್ ಅನ್ನುತ್ತೆ. ಅದೇ ಕೈಯಿಂದ ಮುಂದೆ ಕುದುರೆ ಲಗಾಮು ಹಿಡಿದ, ಗನ್ ಹಿಡಿದ.

ದೊಡ್ಡವನಾದ ಮೇಲೆ ಕೌಬಾಯ್ ಕೆಲಸ ಮಾಡಿದ, ರ‍್ಯಾಂಚ್ ನಡೆಸಿದ, ಬೇಟೆಗೆ ಬರೋರಿಗೆ ಗೈಡ್ ಆದ. 1926ರಲ್ಲಿ ಲೊರೈನ್ ಅವರನ್ನ ಮದುವೆಯಾದ. ಕೆಲವು ಕಾಲ ಒರೆಗನ್ ರಾಜ್ಯದಲ್ಲಿದ್ದು, ಆಮೇಲೆ ಐಡಾಹೊ ರಾಜ್ಯದ ಸಾಲ್ಮನ್ ನದಿಯ ಕಡೆ ನೆಲೆಸಿದ. ಆಳೇನೂ ಎತ್ತರ ಇಲ್ಲ. ಅದಕ್ಕೇನೋ ಅನ್ನೋ ಹಾಗೆ ತಲೆ ಮೇಲೆ ಯಾವಾಗಲೂ ಭಾರಿ ದೊಡ್ಡ ಕೌಬಾಯ್ ಹ್ಯಾಟ್, ಬಾಯಲ್ಲಿ ಸಿಗಾರ್, ಸೊಂಟದಲ್ಲಿ ರಿವಾಲ್ವರ್. ಆ ಕಾಡು ಬೆಟ್ಟಗಳಲ್ಲಿ ಕುದುರೆ ಮೇಲೆ ಓಡಾಡೋನಿಗೆ ರಿವಾಲ್ವರ್ ಒಂದು ಕೆಲಸದ ಸಾಮಾನು, ನಮ್ಮ ಕಡೆ ರೈತರಿಗೆ ಮಚ್ಚು ಇದ್ದ ಹಾಗೆ.

ಜುಲೈ 4, 1925

ಆ ಕಾಲದ ಕೌಬಾಯ್‌ಗಳ ಅಚ್ಚುಮೆಚ್ಚಿನ ಗನ್ ಕೋಲ್ಟ್ ಸಿಂಗಲ್ ಆಕ್ಷನ್, ತೋಟಾ .45 ಕೋಲ್ಟ್. 1873ರ ಡಿಸೈನ್. ಕೀತ್‌ಗೆ ಅದರ ಶಕ್ತಿ ಸಾಲಲಿಲ್ಲ. ತೋಟಾಗಳನ್ನ ತಾನೇ ತುಂಬಿಸೋ ಅಭ್ಯಾಸ ಇದ್ದದ್ದರಿಂದ, ರೈಫಲ್‌ಗೆ ಹಾಕೋ ಭಾರದ ಗುಂಡನ್ನ ಅದರಲ್ಲಿ ಕೂರಿಸಿ ಕಪ್ಪು ಮದ್ದು ತುಂಬಿದ. 1925ರ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ಸಂಭ್ರಮಕ್ಕೆ ಅಂತ ಗಾಳಿಯಲ್ಲಿ ಗುಂಡು ಹಾರಿಸ್ತಾ ಇದ್ದಾಗ ಗನ್ ಸಿಡಿಯಿತು. ಸಿಲಿಂಡರಿನ ಮೇಲಿನ ಭಾಗವೂ ಅದರ ಮೇಲೆ ಹಾದುಹೋಗೋ ಫ್ರೇಮಿನ ಪಟ್ಟಿಯೂ ಕಿತ್ಕೊಂಡು ಹೋದವು. ಕೈ ಉಳೀತು.

ಬೇರೆಯವರಾಗಿದ್ರೆ ಅಲ್ಲಿಗೆ ನಿಲ್ಲಿಸ್ತಿದ್ದರು. ಕೀತ್ ಆ ಸಿಡಿದ ಗನ್ನಿನ ಬಗ್ಗೆ ಅಮೆರಿಕನ್ ರೈಫಲ್‌ಮನ್ ಪತ್ರಿಕೆಗೆ ಬರೆದು ಕಳಿಸಿದ. ಅದು ಅದೇ ವರ್ಷ ಅಚ್ಚಾಯಿತು. ಅಲ್ಲಿಂದ ಶುರುವಾದ ಬರವಣಿಗೆ ಸುಮಾರು ಆರು ದಶಕ ನಡೀತು. ತಾನು ಒಡೆದದ್ದನ್ನ ಮುಚ್ಚಿಡದೆ ಬರೆಯೋದು ಆತನ ಮೊದಲ ಲೇಖನದಲ್ಲೇ ಇತ್ತು ಅನ್ನೋದು ನನಗೆ ತುಂಬ ಇಷ್ಟವಾದ ವಿಷಯ.

ಸಿಡಿದದ್ದು ಯಾಕೆ? ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪುಸ್ತಕ ತೆಗೀರಿ. ಒಳಗೆ ಒತ್ತಡ ಇರೋ ಸಿಲಿಂಡರಿನಲ್ಲಿ ಹೂಪ್ ಸ್ಟ್ರೆಸ್ ಒತ್ತಡದ ಜೊತೆ ಏರುತ್ತೆ, ಒಳಗಿನ ವ್ಯಾಸದ ಜೊತೆ ಏರುತ್ತೆ, ಗೋಡೆ ತೆಳುವಾದಷ್ಟೂ ಏರುತ್ತೆ. ರಿವಾಲ್ವರಿನ ಸಿಲಿಂಡರ್ ಅಂದ್ರೆ ಆರು ತೂತು ಕೊರೆದ ಒಂದು ಉಕ್ಕಿನ ಡ್ರಮ್. ಹೊರಗಿನ ಅಳತೆ ಅಷ್ಟೇ ಇಟ್ಟು ತೂತು ದೊಡ್ಡದು ಮಾಡಿದರೆ ಹೊರಗಿನ ಗೋಡೆಯೂ ತೆಳುವಾಗುತ್ತೆ, ಎರಡು ತೂತುಗಳ ನಡುವಿನ ಗೋಡೆಯೂ ತೆಳುವಾಗುತ್ತೆ. .45 ಕೋಲ್ಟ್‌ನಲ್ಲಿ ಆಗಿದ್ದು ಇದೇ. ಹಳೆ ಡಿಸೈನ್, ತೆಳು ಗೋಡೆ, ಅದರೊಳಗೆ ಆತ ಮಿತಿ ಮೀರಿ ತುಂಬಿದ ತೋಟಾ.

ಕೀತ್ ಮಾಡಿದ ಬದಲಾವಣೆ ನೋಡಿ. ಅದೇ ಅಳತೆಯ ಗನ್ನಿನಲ್ಲಿ .44 ಸ್ಪೆಷಲ್‌ಗೆ ಬಂದ. 1908ರ ಸುಮಾರಿಗೆ ಸ್ಮಿತ್ ಆ್ಯಂಡ್ ವೆಸ್ಸನ್ ತಂದ ತೋಟಾ ಅದು. ಅದರ ಗುಂಡಿನ ವ್ಯಾಸ 0.43 ಇಂಚು, .45 ಕೋಲ್ಟ್‌ದು 0.45 ಇಂಚು. ಕೂದಲೆಳೆ ವ್ಯತ್ಯಾಸ ಅನ್ನಿಸುತ್ತೆ. ಆದರೆ ತೆಳುವಾದ ಗೋಡೆಗೆ ಅಷ್ಟೇ ಉಕ್ಕು ಸೇರಿದರೂ ದೊಡ್ಡ ಲಾಭ.

ಒಂದೇ ಅಳತೆ, ಎರಡು ಶಕ್ತಿ

ಅಂಗಡಿಯಲ್ಲಿ ಸಿಗ್ತಿದ್ದ .44 ಸ್ಪೆಷಲ್ ತುಂಬ ಸೌಮ್ಯ. 246 ಗ್ರೇನ್ ತೂಕದ ಗುಂಡು, ವೇಗ ಸೆಕೆಂಡಿಗೆ ಸುಮಾರು 755 ಅಡಿ. ಒಂದು ಗ್ರೇನ್ ಅಂದ್ರೆ ಸುಮಾರು 65 ಮಿಲಿಗ್ರಾಂ. ಕೀತ್ ತಾನೇ ಗುಂಡಿನ ಆಕಾರ ಡಿಸೈನ್ ಮಾಡಿದ. ಚಪ್ಪಟೆ ಮೂಗು, ಅದರ ಹಿಂದೆ ಚೂಪು ಅಂಚಿನ ಭುಜ. ಇವತ್ತಿಗೂ ಅದನ್ನ ಕೀತ್ ಗುಂಡು ಅಂತಲೇ ಕರೀತಾರೆ. 250 ಗ್ರೇನ್ ತೂಕದ ಆ ಗುಂಡನ್ನ .44 ಸ್ಪೆಷಲ್ ಕೊಳವೆಯಿಂದಲೇ ಸೆಕೆಂಡಿಗೆ 1200 ಅಡಿ ಆಸುಪಾಸಿನ ವೇಗಕ್ಕೆ ತಂದ. ಪತ್ರಿಕೆಗಳಲ್ಲಿ ಬರೆದ. ಕಂಪನಿಗಳು ಇಂಥದ್ದನ್ನ ಮಾಡಿ ಮಾರಬೇಕು ಅಂತ ಎರಡು ದಶಕಕ್ಕೂ ಹೆಚ್ಚು ಕಾಲ ಒತ್ತಾಯ ಮಾಡ್ತಾನೇ ಇದ್ದ.

ಕಂಪನಿಗಳು ಒಪ್ಪಲಿಲ್ಲ. ಅವರ ಭಯಕ್ಕೆ ಕಾರಣ ಇತ್ತು. ಕೀತ್‌ನ ಬಿರುಸು ತೋಟಾ ನೋಡೋಕೆ ಮಾಮೂಲಿ .44 ಸ್ಪೆಷಲ್ ತರಾನೇ ಇರುತ್ತೆ, ಅಳತೆಯೂ ಒಂದೇ. ಅಜ್ಜನ ಕಾಲದ ಹಳೇ ಗನ್ನಿಗೂ ಅದು ಹಿಡಿಸುತ್ತೆ. ಯಾರೋ ಒಬ್ಬ ಗೊತ್ತಿಲ್ಲದೆ ಹಾಕಿ ಹೊಡೆದ್ರೆ 1925ರ ಜುಲೈ 4 ಮತ್ತೆ ಆಗುತ್ತೆ.

ಇದೇ ತೊಂದರೆ ಸಣ್ಣ ಅಳತೆಯಲ್ಲಿ ಮೊದಲೇ ಬಂದಿತ್ತು. 1930ರಲ್ಲಿ ಸ್ಮಿತ್ ಆ್ಯಂಡ್ ವೆಸ್ಸನ್ ಭಾರವಾದ ಫ್ರೇಮಿನ ಒಂದು .38 ರಿವಾಲ್ವರ್ ತಂದಿತು. ಅದಕ್ಕೆ ಅಂತಲೇ ಬಿರುಸಾದ .38 ತೋಟಾ ಬಂತು, ಹೆಸರು .38-44. ಆದರೆ ಕೊಳವೆ ಅಳತೆ ಮಾಮೂಲಿ .38 ಸ್ಪೆಷಲ್‌ದೇ. ಅಂದ್ರೆ ಹಗುರವಾದ ಪುಟ್ಟ ಗನ್ನಿಗೂ ಅದು ಹೋಗ್ತಿತ್ತು. ಹಾಕಬೇಡಿ ಅಂತ ಹೇಳಬಹುದಿತ್ತು, ಹಾಕದ ಹಾಗೆ ತಡೆಯೋಕೆ ಆಗ್ತಿರಲಿಲ್ಲ.

1935ರಲ್ಲಿ .357 ಮ್ಯಾಗ್ನಮ್ ಬಂದಾಗ ಇದಕ್ಕೆ ಪರಿಹಾರ ಸಿಕ್ಕಿತು. ಕಂಪನಿಯ ಡಗ್ಲಸ್ ವೆಸ್ಸನ್, ಬರಹಗಾರ ಫಿಲಿಪ್ ಶಾರ್ಪ್ ಇಬ್ಬರೂ ಅದರ ಹಿಂದಿದ್ದರು. ಬಿರುಸಾದ .38 ತೋಟಾಗಳ ಮೇಲೆ ಕೀತ್ ಮಾಡಿದ್ದ ಪ್ರಯೋಗಗಳೂ ಅದಕ್ಕೆ ನೆರವಾದವು. ಪರಿಹಾರ ಎಷ್ಟು ಸರಳ ಅಂದ್ರೆ, ಹಿತ್ತಾಳೆ ಕೊಳವೆಯನ್ನ 0.135 ಇಂಚು, ಅಂದ್ರೆ ಮೂರೂವರೆ ಮಿಲಿಮೀಟರಿನಷ್ಟು ಉದ್ದ ಮಾಡಿದರು. ಉದ್ದದ ಮ್ಯಾಗ್ನಮ್ ತೋಟಾ ಹಳೇ .38 ಗನ್ನಿನೊಳಗೆ ಪೂರ್ತಿ ಹೋಗಲ್ಲ, ಸಿಲಿಂಡರ್ ಮುಚ್ಚೋದೇ ಇಲ್ಲ. ಆದರೆ ಗಿಡ್ಡ .38 ತೋಟಾ .357 ಗನ್ನಿನಲ್ಲಿ ಆರಾಮಾಗಿ ಕೂರುತ್ತೆ, ಹಾರುತ್ತೆ. ಹೆಸರಲ್ಲಿ 38, 357 ಅಂತ ಬೇರೆ ಇದ್ದರೂ ಗುಂಡಿನ ವ್ಯಾಸ ಎರಡಕ್ಕೂ ಒಂದೇ.

ಪ್ರೊಡಕ್ಷನ್ ಕ್ಲಾಸಿನಲ್ಲಿ ಪೋಕಾ ಯೋಕೆ ಅಂತ ಹೇಳಿಕೊಡ್ತಾರಲ್ಲ, ತಪ್ಪು ಮಾಡೋಕೇ ಆಗದ ಹಾಗೆ ಡಿಸೈನ್ ಮಾಡೋದು, ಅದು ಇದೇ. ಬಲವಾದ ಗನ್ನಿಗೆ ಸಣ್ಣ ತೋಟಾ ಹೋಗಬಹುದು. ದುರ್ಬಲ ಗನ್ನಿಗೆ ದೊಡ್ಡ ತೋಟಾ ಹೋಗಬಾರದು. ಬಾಗಿಲು ಒಂದೇ ಕಡೆ ತೆರೆಯುತ್ತೆ. ಇವತ್ತಿನ ಸ್ಟ್ಯಾಂಡರ್ಡ್ ಪ್ರಕಾರ .38 ಸ್ಪೆಷಲ್‌ನ ಗರಿಷ್ಠ ಒತ್ತಡ 17,000 ಪಿಎಸ್‌ಐ, .357 ಮ್ಯಾಗ್ನಮ್‌ದು 35,000 ಪಿಎಸ್‌ಐ. ಇಮ್ಮಡಿಗೂ ಹೆಚ್ಚು. ಈ ಎರಡರ ನಡುವೆ ಕಾವಲು ನಿಂತಿರೋದು ಮೂರೂವರೆ ಮಿಲಿಮೀಟರ್ ಹಿತ್ತಾಳೆ!

ನಡುವೆ ಎರಡನೇ ಮಹಾಯುದ್ಧ ಬಂತು. ಕೀತ್ ಯೂಟಾ ರಾಜ್ಯದ ಆಗ್ಡನ್ ಆರ್ಸೆನಲ್‌ನಲ್ಲಿ ಸೈನ್ಯದ ರೈಫಲ್‌ಗಳನ್ನ ಪರೀಕ್ಷೆ ಮಾಡೋ ಇನ್‌ಸ್ಪೆಕ್ಟರ್ ಆಗಿ ಕೆಲಸ ಮಾಡಿದ. ಯುದ್ಧ ಮುಗಿದ ಮೇಲೆ ಮತ್ತೆ ಹಳೇ ಹಠ. ಕೊನೆಗೆ ರೆಮಿಂಗ್ಟನ್ ಕಂಪನಿ ತೋಟಾ ಮಾಡೋಕೆ, ಸ್ಮಿತ್ ಆ್ಯಂಡ್ ವೆಸ್ಸನ್ ಗನ್ ಮಾಡೋಕೆ ಒಪ್ಪಿದವು. 1955ರ ಕೊನೆಗೆ .44 ಮ್ಯಾಗ್ನಮ್ ತಯಾರಾಯಿತು. ಇಲ್ಲೂ ಅದೇ ಉಪಾಯ: .44 ಸ್ಪೆಷಲ್ ಕೊಳವೆಗಿಂತ ಇಂಚಿನ ಎಂಟನೇ ಒಂದು ಭಾಗ ಉದ್ದ. ಕೀತ್ ಕೇಳಿದ್ದು 1200 ಅಡಿ ವೇಗ. ರೆಮಿಂಗ್ಟನ್ ಕೊಟ್ಟಿದ್ದು 240 ಗ್ರೇನ್ ಗುಂಡಿಗೆ 1400 ಅಡಿಗೂ ಹೆಚ್ಚು. ಕೇಳಿದ್ದಕ್ಕಿಂತ ಜಾಸ್ತಿ ಸಿಕ್ಕಿದ ಕೀತ್ ಖುಷಿಯಾಗಿದ್ದ. ಕೊಂಡುಕೊಂಡ ಉಳಿದವರ ಕಥೆ ಬೇರೆ.

ಕೈಗೆ ಬೀಳೋ ಲೆಕ್ಕ

ಲೆಕ್ಕ ಹಾಕಿ ನೋಡೋಣ, ಫಿಸಿಕ್ಸ್ ಪಿಯುಸಿ ಮಟ್ಟದ್ದೇ. .44 ಸ್ಪೆಷಲ್ ಗುಂಡು ಸುಮಾರು 16 ಗ್ರಾಂ, ವೇಗ ಸೆಕೆಂಡಿಗೆ 230 ಮೀಟರ್. ಸಂವೇಗ 3.7 ಕೆಜಿ ಮೀಟರ್ ಪ್ರತಿ ಸೆಕೆಂಡ್. .44 ಮ್ಯಾಗ್ನಮ್ ಗುಂಡು ಸುಮಾರು 15.5 ಗ್ರಾಂ, ವೇಗ 427 ಮೀಟರ್. ಸಂವೇಗ 6.6. ಗನ್ನಿನ ತೂಕ 1.33 ಕೆಜಿ ಅಂತ ಇಟ್ಕೊಳ್ಳಿ. ಮೊದಲನೆಯದರಲ್ಲಿ ಗನ್ ಸೆಕೆಂಡಿಗೆ 2.8 ಮೀಟರ್ ವೇಗದಲ್ಲಿ ಹಿಂದಕ್ಕೆ ಬರುತ್ತೆ, ಎರಡನೆಯದರಲ್ಲಿ 5 ಮೀಟರ್. ವೇಗ ಇಮ್ಮಡಿಯೂ ಆಗಲಿಲ್ಲ. ಆದರೆ ಕೈಗೆ ಬೀಳೋ ಶಕ್ತಿಯಲ್ಲಿ ವೇಗದ ವರ್ಗ ಬರುತ್ತೆ. 5 ಜೌಲ್ ಇದ್ದದ್ದು 16 ಜೌಲ್ ದಾಟುತ್ತೆ, ಮೂರು ಪಟ್ಟಿಗೂ ಹೆಚ್ಚು. ಮದ್ದಿನ ಗ್ಯಾಸಿನ ತಳ್ಳು ಇದರಲ್ಲಿ ಸೇರಿಲ್ಲ. ಮ್ಯಾಗ್ನಮ್‌ನಲ್ಲಿ ಮದ್ದು ಹೆಚ್ಚು, ಹಾಗಾಗಿ ನಿಜವಾದ ಅಂತರ ಇನ್ನೂ ದೊಡ್ಡದು.

ಹೊಸ ಗನ್ ಜೊತೆ 50 ತೋಟಾದ ಡಬ್ಬ ಕೊಂಡು, ಆರೇ ಆರು ಹೊಡೆದು, ಉಳಿದ 44 ಸಮೇತ ಗನ್ ಮಾರೋರ ಬಗ್ಗೆ ಅಮೆರಿಕದ ಗನ್ ಅಂಗಡಿಗಳಲ್ಲಿ ಒಂದು ಹಳೇ ಜೋಕ್ ಇದೆ. ಹೆದರಿದ ಕೈ ಟ್ರಿಗರ್ ಒತ್ತೋ ಮುಂಚೆಯೇ ಅದುರುತ್ತೆ, ಗುರಿ ತಪ್ಪುತ್ತೆ. ಇಂಥವರನ್ನ ಉಳಿಸಿದ್ದು ಕೀತ್ ಬಿಟ್ಟು ಬಂದ ಅದೇ .44 ಸ್ಪೆಷಲ್. ಭಾರದ ಗನ್, ಹಗುರ ತೋಟಾ, ಕಡಿಮೆ ಒದೆತ, ಕಡಿಮೆ ಸದ್ದು. ಡರ್ಟಿ ಹ್ಯಾರಿ ಹೇಳಿದ ಕಾರಣವೂ ಇದೇ ತಾನೆ. ಕೀತ್‌ಗಿಂತ ಒಂದು ತಲೆಮಾರು ಚಿಕ್ಕವನಾದ ಸ್ಕೀಟರ್ ಸ್ಕೆಲ್ಟನ್ ಅನ್ನೋ ಬರಹಗಾರ, ಹಿಂದೆ ಪೊಲೀಸ್ ಕೆಲಸ ಮಾಡಿದವನು, ಮ್ಯಾಗ್ನಮ್ ಬಂದಮೇಲೂ .44 ಸ್ಪೆಷಲ್ ಪರ ಬರೀತಾನೇ ಇದ್ದ.

ಇಲ್ಲಿ ಕೆಲವು ತಾಂತ್ರಿಕ ಎಚ್ಚರಿಕೆಗಳಿವೆ. ಗಿಡ್ಡ ತೋಟಾ ಹಾರಿಸಿದಾಗ ಚೇಂಬರಿನ ತುದಿಯ ಆ ಮೂರು ಮಿಲಿಮೀಟರ್ ಜಾಗದಲ್ಲಿ ಮಸಿ, ಸೀಸ ಕೂತು ಉಂಗುರದ ಹಾಗೆ ಗಟ್ಟಿಯಾಗುತ್ತೆ. ಉಜ್ಜಿ ತೆಗೆಯದೆ ಆಮೇಲೆ ಉದ್ದದ ಮ್ಯಾಗ್ನಮ್ ಹಾಕಿದರೆ ಅದು ಸಿಕ್ಕಿಕೊಳ್ಳುತ್ತೆ, ಒತ್ತಡವೂ ಏರಬಹುದು. ಗುಂಡಿನ ವೇಗ ಬದಲಾದರೆ ಅದು ಬೀಳೋ ಜಾಗವೂ ಬದಲಾಗುತ್ತೆ, ಗುರಿ ಮತ್ತೆ ಸರಿ ಮಾಡ್ಕೋಬೇಕು. ಇನ್ನೊಂದು, ಹಗುರ ಅಂದ ಮಾತ್ರಕ್ಕೆ ಎಷ್ಟು ಬೇಕಾದರೂ ಇಳಿಸಬಹುದು ಅಂತಲ್ಲ. ಮದ್ದು ತೀರಾ ಕಡಿಮೆಯಾದರೆ ಗುಂಡು ಬ್ಯಾರೆಲ್ಲಿನೊಳಗೇ ನಿಂತುಬಿಡುತ್ತೆ. ಗೊತ್ತಾಗದೆ ಮುಂದಿನದನ್ನ ಹೊಡೆದರೆ ಬ್ಯಾರೆಲ್ ಉಬ್ಬುತ್ತೆ ಇಲ್ಲಾ ಒಡೆಯುತ್ತೆ. ಫ್ಯಾಕ್ಟರ್ ಆಫ್ ಸೇಫ್ಟಿ ಒತ್ತಡಕ್ಕೆ ಮಾತ್ರ ಅಲ್ಲ, ಕೆಳಗಿನ ಮಿತಿಗೂ ಬೇಕು.

ಪೊಲೀಸರಿಗೆ ಎರಡು ತೋಟಾ

ಕೀತ್ ಕೂಡ ಈ ಮಾತನ್ನ ಒಪ್ಪಿಕೊಂಡ ಅನ್ನೋದಕ್ಕೆ 1964ರ .41 ಮ್ಯಾಗ್ನಮ್ ಸಾಕ್ಷಿ. ಕೀತ್, ಬಾರ್ಡರ್ ಪೆಟ್ರೋಲ್‌ನ ಬಿಲ್ ಜೋರ್ಡನ್, ಸ್ಕೆಲ್ಟನ್ ಮೂವರೂ ಪೊಲೀಸರಿಗಾಗಿ ಇದನ್ನ ಕೇಳಿ ಮಾಡಿಸಿದರು. ಇದಕ್ಕೆ ಶುರುವಿನಿಂದಲೇ ಎರಡು ತರದ ತೋಟಾ. ಎರಡರಲ್ಲೂ ಗುಂಡು 210 ಗ್ರೇನ್. ಒಂದು ಸೀಸದ ಗುಂಡಿನ ಸೌಮ್ಯ ತೋಟಾ, ಊರೊಳಗಿನ ಡ್ಯೂಟಿಗೆ. ಇನ್ನೊಂದು ಪೂರ್ತಿ ಬಿರುಸಿನದು. ದೊಡ್ಡ ಗನ್ನಿನಲ್ಲಿ ಸಣ್ಣ ಶಕ್ತಿ ಅನ್ನೋದು ಈಗ ಜನರ ಉಪಾಯವಾಗಿ ಉಳಿಯದೆ ಡಿಸೈನಿನ ಭಾಗವೇ ಆಯಿತು.

ಆದರೂ ಅದು ಹೆಚ್ಚು ಓಡಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ, ಸ್ಯಾನ್ ಆಂಟೋನಿಯೊ ಪೊಲೀಸರು ತಗೊಂಡರು, ಉಳಿದವರಲ್ಲಿ ಹೆಚ್ಚಿನವರು ತಗೊಳ್ಳಲಿಲ್ಲ. ದಿನವಿಡೀ ಸೊಂಟದಲ್ಲಿ ಹೊತ್ತು ತಿರುಗೋಕೆ ಗನ್ ಭಾರ. ಇನ್ನೊಂದು ಕಾರಣವೂ ಇದೆ. .38ಕ್ಕೆ, .44ಕ್ಕೆ ಇದ್ದ ಹಾಗೆ ಇದಕ್ಕೆ ಹಿಂದಿನ ತಲೆಮಾರಿನ ಗಿಡ್ಡ ತಮ್ಮ ಇರಲಿಲ್ಲ. .357 ಗನ್ ಕೊಂಡವರು ಯಾವ ಅಂಗಡಿಯಲ್ಲಾದರೂ ಅಗ್ಗದ .38 ತಗೊಂಡು ಅಭ್ಯಾಸ ಮಾಡಬಹುದಿತ್ತು. .41 ಕೊಂಡವರಿಗೆ ಆ ಅನುಕೂಲ ಇಲ್ಲ. ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿಗೆ ಎಷ್ಟು ಬೆಲೆ ಇದೆ ಅಂತ ಸಾಫ್ಟ್‌ವೇರ್ ಓದೋರಿಗೆ ನಾನು ಹೇಳಬೇಕಾಗಿಲ್ಲ.

ಆದರೆ ಅಗ್ಗದ ಅಭ್ಯಾಸಕ್ಕೂ ಒಂದು ಕರಾಳ ಮುಖ ಇದೆ. 1970ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯೂಹಾಲ್ ಹತ್ತಿರ ಇಬ್ಬರು ಅಪರಾಧಿಗಳ ಜೊತೆ ನಡೆದ ಗುಂಡಿನ ಕಾಳಗದಲ್ಲಿ ಹೈವೇ ಪೆಟ್ರೋಲ್‌ನ ನಾಲ್ವರು ಯುವ ಅಧಿಕಾರಿಗಳು ಐದೇ ನಿಮಿಷದೊಳಗೆ ಸತ್ತರು. ಕಾರಣಗಳು ಹಲವು. ಆಮೇಲೆ ಚರ್ಚೆಯಾದ ವಿಷಯಗಳಲ್ಲಿ ಒಂದು ಇದು: ತರಬೇತಿಯಲ್ಲಿ ಅವರು ಹಾರಿಸಿದ್ದು .38 ಸ್ಪೆಷಲ್, ಆ ರಾತ್ರಿ ಕೆಲವರ ಗನ್ನಿನಲ್ಲಿ ಇದ್ದದ್ದು .357 ಮ್ಯಾಗ್ನಮ್. ಕೈಗೆ ಗೊತ್ತಿದ್ದ ಒದೆತ ಒಂದು, ಜೀವ ಹೋಗೋ ಹೊತ್ತಿಗೆ ಬಂದ ಒದೆತ ಇನ್ನೊಂದು. ಆ ಘಟನೆ ಆದಮೇಲೆ ಇಲಾಖೆ ತರಬೇತಿಯನ್ನೂ ಆಯುಧಗಳನ್ನೂ ಒಂದೇ ರೀತಿಗೆ ತಂದಿತು. ನಮ್ಮಲ್ಲಿ ಎನ್‌ಸಿಸಿ ಮಾಡಿದವರು .22 ರೈಫಲ್ ಹಾರಿಸಿರ್ತೀರ. ಕಲಿಯೋಕೆ ಅದು ಸರಿಯಾದ ದಾರಿಯೇ. ಸಣ್ಣದರಲ್ಲಿ ಕಲಿತು, ನಿಜವಾಗಿ ಬಳಸೋದರಲ್ಲೂ ಅಭ್ಯಾಸ ಮುಗಿಸಬೇಕು, ಅಷ್ಟೆ.

ಕೊನೆಯ ದಿನಗಳು

ಕೀತ್ ಜಗಳಗಂಟ ಅನ್ನೋದು ಎಲ್ಲರಿಗೂ ಗೊತ್ತಿತ್ತು. ಹಗುರ ಗುಂಡು, ಹೆಚ್ಚು ವೇಗ ಅಂತ ಬರೀತಿದ್ದ ಜ್ಯಾಕ್ ಓ'ಕಾನರ್ ಜೊತೆ ಆತನ ವಾದ ದಶಕಗಳ ಕಾಲ ನಡೀತು. .44 ಮ್ಯಾಗ್ನಮ್‌ನಿಂದ 600 ಗಜ ದೂರದಲ್ಲಿ ಗಾಯಗೊಂಡು ಓಡ್ತಿದ್ದ ಒಂದು ಜಿಂಕೆಗೆ ಹೊಡೆದೆ ಅಂತ ಬರೆದಾಗ ಅರ್ಧ ಜನ ನಂಬಲಿಲ್ಲ. 1979ರಲ್ಲಿ ಬಂದ ಆತ್ಮಕಥೆಗೆ ಹೆಲ್, ಐ ವಾಸ್ ದೇರ್ ಅಂತ ಹೆಸರಿಟ್ಟ. ನಂಬದವರಿಗೆ ಹೆಸರಿನಲ್ಲೇ ಉತ್ತರ. 1981ರಲ್ಲಿ ಪಾರ್ಶ್ವವಾಯು ಹೊಡೆದು ಬರವಣಿಗೆ ನಿಂತಿತು. 1984ರ ಫೆಬ್ರವರಿ 14ರಂದು ತೀರಿಕೊಂಡ. ವಯಸ್ಸು 84.

ಬದುಕಿಡೀ ಹೆಚ್ಚು ಶಕ್ತಿ ಬೇಕು ಅಂತ ಕೇಳಿದ ಮನುಷ್ಯ ಆತ. ಆ ಶಕ್ತಿಯನ್ನ ತಡ್ಕೊಳ್ಳೋಕೆ ಮಾಡಿದ ಗಟ್ಟಿ ಗನ್ನುಗಳಲ್ಲಿ ಎಷ್ಟೋ ಜನ ಹೆಚ್ಚಾಗಿ ಹಾರಿಸಿದ್ದು ಹಳೇ ಸ್ಪೆಷಲ್ ತೋಟಾಗಳನ್ನ. ಇದನ್ನ ಕೀತ್‌ನ ಸೋಲು ಅಂತ ನನಗೆ ಅನ್ನಿಸಲ್ಲ. 1925ರಲ್ಲಿ ದುರ್ಬಲ ಗನ್ನಿಗೆ ದೊಡ್ಡ ಶಕ್ತಿ ತುಂಬಿ ಕೈ ಕಳ್ಕೊಳ್ಳೋ ಹತ್ತಿರ ಹೋಗಿದ್ದ. 1955ರ ಹೊತ್ತಿಗೆ ಆತನ ಹಠದಿಂದ ಬಂದ ಗನ್ನಿನಲ್ಲಿ ಸಣ್ಣ ತೋಟಾ ಹಾಕಿದವನಿಗೆ ಬೇಕಾದಷ್ಟು ಮಾರ್ಜಿನ್ ಇತ್ತು, ದೊಡ್ಡ ತೋಟಾ ಹಳೇ ಗನ್ನಿಗೆ ಹೋಗದ ಹಾಗೆ ತಡೆಯೂ ಇತ್ತು. ನಾವು ಮುಂದೆ ಏನೇ ಡಿಸೈನ್ ಮಾಡಿದರೂ, ಪ್ರೆಶರ್ ವೆಸಲ್ ಇರಲಿ, ಬ್ಯಾಟರಿ ಪ್ಯಾಕ್ ಇರಲಿ, ಈ ಎರಡು ಪ್ರಶ್ನೆ ಕೇಳ್ಕೋಬಹುದು: ಇದು ಎಷ್ಟು ತಡ್ಕೊಳ್ಳುತ್ತೆ? ತಡ್ಕೊಳ್ಳೋದಕ್ಕಿಂತ ಹೆಚ್ಚಿನದನ್ನ ಯಾರಾದರೂ ಇದಕ್ಕೆ ಹಾಕೋಕೆ ಹೋದ್ರೆ, ಏನು ತಡೆಯುತ್ತೆ?